ಪೆಟ್ಟಿಗೆಗೂ ಒಂದಿಷ್ಟು ವಿಶ್ರಾಂತಿ

ಬೆಳಗಿನಿಂದ ಸಾಲುಗಟ್ಟಿದ್ದ ಡಬ್ಬಗಳೆಲ್ಲ ಹಿಟ್ಟು ತುಂಬಿಕೊಂಡು ಮನೆಗಳಿಗೆ ಹೋದವು. ಗಿರಣಿಯವನು ಮೋಟಾರಿನ ಮೈಮೇಲೆ ಅಂಗೈ ಇಟ್ಟು ನೋಡಿದ. ಚೆನ್ನಾಗಿ ಕಾದಿತ್ತು. ಸ್ವಿಚ್ಚು ಆರಿಸಿದ. ಊಟ ಮುಗಿಸಿ ಒಂದು ನಿದ್ದೆ ತೆಗೆಯುವವರೆಗೆ ಅದು ತಣ್ಣಗಾಗಬೇಕು. ಹಾಗೆ ಬಿಡದವರ ಮೋಟಾರು ಸುಟ್ಟು ಕರಕಲಾಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆಮೇಲೆ ತಡಿಕೆಯ ಹಿಂದೆ ಗೋಡೆಗೆ ಕೂರಿಸಿದ್ದ ಇಂಟರ್ನೆಟ್ ಪೆಟ್ಟಿಗೆಯನ್ನೂ ಮುಟ್ಟಿ ನೋಡಿದ. ಅದೂ ಬಿಸಿ. ಅದನ್ನೂ ಆರಿಸಿದ.

"ಅದನ್ನ ಯಾಕ್ರೀ ಆರಿಸ್ತೀರಾ? ಊರಿಗೆಲ್ಲ ಅಲ್ಲಿಂದಾನೇ ಅಲ್ವಾ ಹೋಗೋದು?" ಹೆಂಡತಿ ಕೇಳಿದಳು.

"ಬೆಳಗಿಂದ ದುಡೀತಾ ಇದೆ ಪಾಪ. ನಾನು ಮಲಗಬಹುದು, ಅದು ಮಲಗಬಾರದಾ? ಈ ಹೊತ್ತಲ್ಲಿ ಯಾರಿಗೆ ಬೇಕು ಹೇಳು? ಜಗಲಿ ಮೇಲೆ ಕೂತು ಸಿನಿಮಾ ನೋಡೋ ಪಡ್ಡೆಗಳಿಗೆ ತಾನೆ?"

"ನಿಮಗೆ ಹೇಳೋದೂ ಒಂದೇ, ಆ ಮೋಟಾರಿಗೆ ಹೇಳೋದೂ ಒಂದೇ," ಎಂದು ಅವಳು ತಟ್ಟೆ ಹಾಕಲು ಹೋದಳು.

ಆ ಪೆಟ್ಟಿಗೆ ಸುಮ್ಮನೆ ಬಂದದ್ದಲ್ಲ. ಫೈಬರ್ ಲೈನ್ ದೊಡ್ಡ ರಸ್ತೆಯಲ್ಲೇ ಹಾದುಹೋಗುತ್ತಿತ್ತು, ಅಲ್ಲಿಂದ ಒಳಗಿನ ಊರಿಗೆ ಎಳೆಯಿರಿ ಎಂದರೆ, "ಎಷ್ಟು ಮಹಾ ಮನೆ ಇದಾವೆ ನಿಮ್ಮಲ್ಲಿ?" ಎಂದು ಕಂಪನಿಯವರು ವರ್ಷಗಟ್ಟಲೆ ಸತಾಯಿಸಿದ್ದರು. ಒಂದು ಫೋನು ಮಾಡಬೇಕೆಂದರೂ ಜನ ನೀರಿನ ಟ್ಯಾಂಕಿನ ಏಣಿ ಹತ್ತಿ ಕೈ ಮೇಲೆತ್ತಬೇಕಿತ್ತು. ಕೊನೆಗೂ ಲೈನ್ ಬಂದಾಗ, ಕರೆಂಟು ಬೀಗ ಎರಡೂ ಇರುವ ಕೋಣೆ ಬೇಕೆಂದರು. ಗಿರಣಿಯವನು ಬಾಡಿಗೆಯ ಮಾತೇ ಎತ್ತದೆ ಜಾಗ ಕೊಟ್ಟ. ಅಂದಿನಿಂದ ಅವನ ನಡಿಗೆಯೇ ಬೇರೆಯಾಗಿತ್ತು.

ಮಧ್ಯಾಹ್ನದ ಹೊತ್ತು ಲೈನ್ ಸಾಯುತ್ತದೆಂದು ದೂರು ಹೋಗಿ ಲೈನ್‌ಮನ್ ಮತ್ತೆ ಮತ್ತೆ ಬಂದ. ಅವನು ಬರುವಷ್ಟರಲ್ಲಿ ಎಲ್ಲ ಸರಿ ಇರುತ್ತಿತ್ತು. ಆದರೂ ಬಿಸಿಲಲ್ಲಿ ಕಂಬ ಕಂಬ ಹತ್ತಿ ಇಳಿದು, "ಅಳಿಲು ಕಡೀತಿರಬೇಕು ಯಜಮಾನ್ರೇ, ಎಲ್ಲಿ ಅಂತ ಸಿಗ್ತಿಲ್ಲ," ಎನ್ನುತ್ತಿದ್ದ. ಗಿರಣಿಯವನು ಅವನಿಗೆ ನೀರು ಕೊಟ್ಟು ಸುಮ್ಮನಾಗುತ್ತಿದ್ದ. ಹೇಳಿದರೆ ಪೆಟ್ಟಿಗೆಯನ್ನು ಬೇರೆಯವರ ಮನೆಗೆ ಒಯ್ದಾರು. ಒಂದು ನಿದ್ದೆಯಷ್ಟು ಹೊತ್ತಿಗೆ ಯಾರ ಗಂಟು ಹೋಗುತ್ತದೆ?

ಒಂದು ದಿನ ಊಟ ಮುಗಿಸಿದ ಮೇಲೆ ಪೆಟ್ಟಿಗೆ ಆರಿಸಿ ಮಲಗಿ, ಕಣ್ಣು ಎಳೆಯುತ್ತಿದ್ದಾಗ ಬಾಗಿಲಲ್ಲಿ ದಬದಬ ಸದ್ದಾಯಿತು. ಪಡ್ಡೆಗಳೇ ಇರಬೇಕು.

"ಹೋಗ್ರೋ! ಆಮೇಲೆ ಬನ್ನಿ!" ಎಂದು ಕೂಗಿ ಮಗ್ಗುಲು ಬದಲಿಸಿದ.

ಸದ್ದು ನಿಲ್ಲಲಿಲ್ಲ. ಅವನು ದಿಂಬನ್ನು ಕಿವಿಗೆ ಒತ್ತಿಕೊಂಡ. ಕೊನೆಗೆ ಒಂದು ಹೆಂಗಸಿನ ಕಿರುಚಾಟ ಕೇಳಿ ಎದ್ದು ಬಾಗಿಲು ತೆಗೆದರೆ, ಊರಿನ ಹೊಲಿಗೆಯವಳ ತಾಯಿ ಬರಿಗಾಲಲ್ಲಿ ನಿಂತಿದ್ದಳು. "ತಮ್ಮಾ, ಲೈನ್ ಹೋಗಿದೆ! ಮಗು... ನರ್ಸಮ್ಮ ನೋಡ್ಕೊಂಡು ಬಾ ಅಂದ್ರು..."

ಅವನು ತಡಿಕೆಯ ಹಿಂದೆ ಓಡಿ ಸ್ವಿಚ್ಚು ಹಾಕಿದ. ದೀಪಗಳು ಒಂದೊಂದಾಗಿ ಮಿಟುಕಿ, ಇನ್ನೂ ಮಿಟುಕಿ, ಹಸಿರಾದವು. "ಬಂತು, ಹೋಗಿ ಅಕ್ಕ." ಅವಳು ಕೈ ಮುಗಿದು ಓಡಿದಳು. ಅವನೂ ಅಂಗಿ ಸಿಕ್ಕಿಸಿಕೊಳ್ಳುತ್ತ ಹಿಂದೆಯೇ ಹೋದ.

ಆರೋಗ್ಯ ಕೇಂದ್ರದ ಮೇಜಿನ ಮೇಲೆ ಹೊಲಿಗೆಯವಳ ಮಗು ಮಲಗಿತ್ತು. ಪುಟ್ಟ ಮೈ ಸೆಟೆದು ಸೆಟೆದು ಅದುರುತ್ತಿತ್ತು. ತುಟಿ ನೀಲಿಗಟ್ಟಿತ್ತು. ಪರದೆಯಲ್ಲಿ ಪಟ್ಟಣದ ಡಾಕ್ಟರು ಹೇಳುತ್ತಿದ್ದಂತೆ ನರ್ಸಮ್ಮ ಸೂಜಿ ಚುಚ್ಚಿದಳು. ಅದುರುವುದು ಮೆಲ್ಲಗೆ ನಿಂತಿತು. ಅವಳು ಗೋಡೆಗೆ ಒರಗಿದಳು.

"ಜ್ವರ ಏರಿ ಫಿಟ್ಸ್ ಬಂತು. ಒಂದು ಇಂಜೆಕ್ಷನ್‌ಗೆ ನಿಲ್ಲಲಿಲ್ಲ," ಎಂದಳು ಅವಳು, ಯಾರ ಮುಖವನ್ನೂ ನೋಡದೆ. "ಇನ್ನೊಂದು ಎಷ್ಟು ಕೊಡ್ಲಿ ಸಾರ್ ಅಂತ ಕೇಳ್ದೆ. ಹೆಚ್ಚಾದ್ರೆ ಉಸಿರೇ ನಿಲ್ಲತ್ತೆ. ಅವರು ಹೇಳೋಕೆ ಬಾಯಿ ತೆರೆದ್ರು, ಅಷ್ಟೇ. ಚಿತ್ರ ನಿಂತುಹೋಯ್ತು. ತೆರೆದ ಬಾಯಿ ತೆರೆದ ಹಾಗೇ. ಈ ಕಡೆ ಮಗು ಒದ್ದಾಡ್ತಿದೆ, ಆ ಕಡೆ ಅವರು ಬಾಯಿ ತೆಗೆದುಕೊಂಡು ನನ್ನೇ ನೋಡ್ತಿದಾರೆ."

ಗಿರಣಿಯವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಇಂಟರ್ನೆಟ್ಟೆಂದರೆ ಜಗಲಿಯ ಪಡ್ಡೆಗಳು ಎಂದುಕೊಂಡಿದ್ದ ಮನುಷ್ಯನ ಕಣ್ಣಿಗೆ ಈಗ ಆ ನೀಲಿ ತುಟಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಉಸಿರು ಪರವಾಗಿಲ್ಲ," ಪರದೆಯಿಂದ ಡಾಕ್ಟರು ಹೇಳಿದರು. "ಆದ್ರೆ ಎಡಗೈ ಆಡಿಸ್ತಿಲ್ಲ ನೋಡಿ. ಅಷ್ಟು ಹೊತ್ತು ಫಿಟ್ಸ್ ಇರಬಾರದಿತ್ತು. ಈಗಲೇ ಏನೂ ಹೇಳೋಕಾಗಲ್ಲ, ಬೇಗ ಕರ್ಕೊಂಡು ಬನ್ನಿ."

ಊರಿನ ಒಂದು ವ್ಯಾನು ತಾಯಿಮಗುವನ್ನು ಪಟ್ಟಣಕ್ಕೆ ಕರೆದುಕೊಂಡು ಹೋಯಿತು. ಅಂಗಳದಲ್ಲಿ ಜನ ಸೇರಿದರು. ಅಷ್ಟರಲ್ಲಿ ಸುದ್ದಿ ತಿಳಿದು ಲೈನ್‌ಮನ್ ಬಂದ. ಅವನು ಬೈಕು ನಿಲ್ಲಿಸುವ ಮೊದಲೇ ಒಬ್ಬ ಕೊರಳಪಟ್ಟಿಗೆ ಕೈ ಹಾಕಿದ.

"ಸಂಬಳ ಯಾತಕ್ಕೋ ನಿಂಗೆ? ಒಂದು ವೈರು ನೋಡ್ಕೊಳ್ಳೋಕಾಗಲ್ವಾ?"

"ಎಲ್ಲ ಕಂಬಾನೂ ಹತ್ತಿದೀನಿ ಅಣ್ಣ. ಎಲ್ಲೂ ಕಟ್ ಇಲ್ಲ. ನನ್ನ ಮಕ್ಕಳ ಆಣೆ."

"ಅವನ ಮುಖ ನೋಡಬೇಡಿ ಅತ್ಲಾಗೆ," ಎಂದಳು ಮಗುವಿನ ಅಜ್ಜಿ. ಗಿರಣಿಯವನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ಇಗೋ, ಈ ಕೈ ನಮ್ಮ ಮಗೂನ ಉಳಿಸಿದ್ದು. ಮುಟ್ಟಿದ, ಲೈನ್ ಬಂತು!"

ಅವಳ ಕಣ್ಣೀರು ಅವನ ಬೆರಳಿಗೆ ಬಿಸಿಯಾಗಿ ತಾಗಿತು. ಸುಮ್ಮನಿದ್ದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅವನನ್ನ ಬಿಡಿ," ಎಂದ ಗಿರಣಿಯವನು. "ಆರಿಸಿದ್ದು ನಾನೇ. ಬಿಸಿಯಾಗುತ್ತೆ, ಮೋಟಾರಿನ ಹಾಗೆ ಸುಟ್ಟುಹೋದೀತು ಅಂತ ದಿನಾ ಮಧ್ಯಾಹ್ನ ಆರಿಸ್ತಿದ್ದೆ. ಇವನು ಬಿಸಿಲಲ್ಲಿ ಕಂಬ ಹತ್ತೋದನ್ನ ನೋಡ್ಕೊಂಡೇ ಸುಮ್ಮನಿದ್ದೆ."

ಕೊರಳಪಟ್ಟಿ ಹಿಡಿದಿದ್ದ ಕೈ ಸಡಿಲವಾಯಿತು. ಲೈನ್‌ಮನ್ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ನಿಂತ. ಗಿರಣಿಯವನು ಸೊಂಟದಿಂದ ಬೀಗದ ಕೈ ತೆಗೆದು ನರ್ಸಮ್ಮನ ಮುಂದೆ ಹಿಡಿದ. "ಪೆಟ್ಟಿಗೆ ಇಲ್ಲಿಗೇ ತರಿಸ್ಕೊಳ್ಳಿ ತಾಯಿ. ಅಲ್ಲೀವರೆಗೂ ಇದು ನಿಮ್ಮ ಹತ್ರಾನೇ ಇರಲಿ." ಅವಳು ಅದನ್ನು ತೆಗೆದುಕೊಂಡಳು.

ಅಜ್ಜಿ ಅವನ ಇನ್ನೊಂದು ಕೈಯನ್ನು ಇನ್ನೂ ಹಿಡಿದೇ ಇದ್ದಳು, ಬಿಡಬೇಕೆಂಬುದನ್ನೇ ಮರೆತವಳಂತೆ.

"ನಾನು ಅಷ್ಟು ಹೊತ್ತು ಬಾಗಿಲು ಬಡಿದೆನಲ್ಲ ತಮ್ಮ," ಎಂದಳು ಮೆಲ್ಲಗೆ. "ನಿದ್ದೆ ಬಂದಿತ್ತಾ ನಿಂಗೆ?"

ಹೌದು ಎಂದುಬಿಡಲಿ ಎಂದು ಅವಳ ಕಣ್ಣೇ ಬೇಡಿಕೊಳ್ಳುತ್ತಿತ್ತು.

"ಇಲ್ಲ ಅಕ್ಕ," ಎಂದ ಅವನು. "ಎಚ್ಚರವಾಗೇ ಇದ್ದೆ."