ಷಡಕ್ಷರಿ ಕಾಲುವೆ ಹಾರಿದ್ದು

ನಮ್ಮಣ್ಣ ಷಡಕ್ಷರಿ ಸೈಕಲ್ಲಿನಲ್ಲಿ ಕಾಲುವೆ ಹಾರಿದ ಕತೆಯನ್ನು ಮಧುವನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಿದಷ್ಟು ಸಲವೂ ಕಾಲುವೆ ಒಂದೊಂದು ಮಾರು ಅಗಲವಾಗುತ್ತದೆ. ಪಕ್ಕದಲ್ಲೇ ನಿಂತು ನೋಡಿದವಳು ನಾನು, ನನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಇದು 2001ರ ಮಾತು. ಪಿಯುಸಿಯಲ್ಲಿ ಡುಮ್ಕಿ ಹೊಡೆದ ಅಣ್ಣ 'ಬಿಸಿನೆಸ್ ಮಾಡ್ತೀನಿ' ಅಂತ ಹೇಳಿಕೊಂಡು ಮನೆಯಲ್ಲಿ ಮಲಗಿದ್ದ. ಬಿಸಿನೆಸ್ಸಿಗೆ ಓಡಾಡಬೇಕು ಎಂದು ಅಪ್ಪನ ಪ್ರಾಣ ತಿಂದು ಗೇರ್ ಸೈಕಲ್ ಕೊಡಿಸಿಕೊಂಡ. ಬೆಟ್ಟ ಹತ್ತುವ ಸೈಕಲ್ಲಂತೆ. ಇವನು ಅದರಲ್ಲಿ ಹತ್ತಿದ್ದು ಊರ ಮುಂದಿನ ಅರಳಿಕಟ್ಟೆಯ ಜಗಲಿ ಒಂದೇ.

ನಾನಾಗ ಕೊಳ್ಳೇಗಾಲದ ಒಂದು ನರ್ಸರಿ ಸ್ಕೂಲಿನಲ್ಲಿ ಮಿಸ್ ಆಗಿದ್ದೆ. ಹನೂರಿನಿಂದ ಬರುವ ಬೆಳಗಿನ ಬಸ್ಸು ಕಾಮಗೆರೆಯಲ್ಲೇ ತುಂಬಿ, ನಮ್ಮೂರಲ್ಲಿ ನಿಲ್ಲಿಸದೆ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿತ್ತು. 'ಇನ್ನೊಂದು ದಿನ ಲೇಟಾದ್ರೆ ಬರಲೇಬೇಡಿ' ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿದ್ದರು. ಅಪ್ಪ ಅದನ್ನೇ ಕಾಯುತ್ತಿದ್ದವರ ಹಾಗೆ, "ಕೆಲ್ಸ ಓದ್ರೆ ಓಗ್ಲಿ ಬುಡು. ಮನೇಲಿರು, ಗಂಡು ನೋಡ್ತೀನಿ" ಅಂದರು. ನನಗೆ ಕೆಲಸ ಬೇಕಿತ್ತು, ಗಂಡು ಬೇಕಿರಲಿಲ್ಲ.

"ಅಣ್ಣ, ಬೆಳಿಗ್ಗೆ ಒಂದೊತ್ತು ಸೈಕಲ್ ಕೊಡೋ. ನೀನೆಂಗೂ ಒತ್ತು ನೆತ್ತಿಗೇರೋ ಗಂಟ ಏಳಕಿಲ್ಲ" ಅಂತ ಬೇಡಿಕೊಂಡೆ.

"ಇದು ಎಣ್ಮಕ್ಳು ತುಳಿಯೋ ಸೈಕಲ್ಲಲ್ಲ ಕಣಮ್ಮಿ. ಇದ್ಕೆ ಎದೆ ಬೇಕು" ಅಂದ ಮಹಾಶೂರ.

ಆಮೇಲೆ ಸೈಕಲ್ಲಿಗೆ ಶೃಂಗಾರ ಶುರುವಾಯಿತು. ಪೇಟೆಯ ವೆಲ್ಡಿಂಗ್ ಶಾಪಿನ ಪುಟ್ಟಮಾದಪ್ಪನನ್ನು ಹಿಡಿದು, ಗುಜರಿ ಮೊಪೆಡ್ಡಿನ ಶಾಕಪ್ಸರ್ ಎರಡನ್ನು ಮುಂದಿನ ಚಕ್ರಕ್ಕೆ ಬೆಸೆಸಿಕೊಂಡು ಬಂದ. ಹಿಂದೆ ಮುಂದೆ ದಪ್ಪ ಟೈರು ಹಾಕಿಸಿದ. ಹ್ಯಾಂಡಲ್ಲಿಗೆ ಕೆಂಪು ಟೇಪು ಸುತ್ತಿದ. ಗಾಳಿ ತಡೆಯುತ್ತದೆ ಎಂದು ಮಡ್‌ಗಾರ್ಡು, ಕ್ಯಾರಿಯರ್ರು ಎರಡನ್ನೂ ಕಿತ್ತು ಅಟ್ಟಕ್ಕೆ ಎಸೆದ. ಅಷ್ಟೆಲ್ಲ ಆದಮೇಲೆ ಅದನ್ನು ಎತ್ತಿ ಜಗಲಿಗೆ ಇಡಬೇಕಾದರೆ ಇಬ್ಬರು ಬೇಕಾಗುತ್ತಿತ್ತು. ಒಬ್ಬಳು ನಾನೇ, ಬೇರೆ ಯಾರು.

ಇಂಥ ಸೈಕಲ್ ಇಟ್ಟುಕೊಂಡು ಹಾರದೆ ಇದ್ದರೆ ಮರ್ಯಾದೆ ಏನಾದೀತು? ಮೊದಲು ಒಂದು ಇಟ್ಟಿಗೆ ಹಾರಿದ. ಹಾರಿದ ಅನ್ನುವುದಕ್ಕಿಂತ ಹತ್ತಿ ಇಳಿದ ಅನ್ನಬೇಕು. ಆಮೇಲೆ ಇಟ್ಟಿಗೆ ಮೇಲೆ ಹಲಗೆ ಇಟ್ಟ. ಧೈರ್ಯ ಬಲಿಯಿತು ಅನ್ನಿಸಿದ ಮೇಲೆ ಊರಾಚೆ ಕಾಲುವೆಗೆ ಹೋದ. ಹೂಳೆತ್ತಿದ ಮಣ್ಣು ಅಲ್ಲಿ ದಿಬ್ಬವಾಗಿ ಬಿದ್ದಿತ್ತು. ದಿಬ್ಬ ಹತ್ತಿ, ಒಣಗಿದ ಕಾಲುವೆಯ ಮೇಲೆ ಹಾರಿ, ಆ ಕಡೆಗೆ ಇಳಿಯಬೇಕು. ಕಟ್ಟೆಯ ಮೇಲಿನ ಸೋಮಾರಿಗಳೆಲ್ಲ ಸಂಜೆ ಅಲ್ಲಿಗೇ ವರ್ಗವಾದರು.

ಅಣ್ಣ ದೂರದಿಂದ ಭರ್ರನೆ ಬರುತ್ತಿದ್ದ. ದಿಬ್ಬದ ತುದಿಗೆ ಬರುತ್ತಲೇ ಎರಡೂ ಬ್ರೇಕ್ ಹಿಡಿದು ಕಿರ್ರ್ ಎಂದು ನಿಲ್ಲುತ್ತಿದ್ದ. ಒಂದು ದಿನ ಎದುರುಗಾಳಿ, ಇನ್ನೊಂದು ದಿನ ಚೈನು ಸಡಿಲ. ಮತ್ತೊಂದು ದಿನ ಬೆಕ್ಕು ಅಡ್ಡ ಬಂತಂತೆ. ಆ ಬೆಕ್ಕು ಅವನೊಬ್ಬನಿಗೇ ಕಂಡಿತ್ತು.

ಶನಿವಾರ ಬಸ್ಸು ತಪ್ಪಿ, ಯಾರದೋ ಲಗೇಜ್ ಆಟೋದಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತು ಹೇಗೋ ಗಂಟೆ ಹೊಡೆಯುವುದರೊಳಗೆ ಸ್ಕೂಲು ಸೇರಿದ್ದೆ. ವಾಪಸು ಬರುವಾಗ ನೋಡಿದರೆ ಇವನು ದಿಬ್ಬದ ಮೇಲೆ ನಿಂತು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಬೆರಳೆತ್ತಿ ನೋಡುತ್ತಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನೀನು ಆರಕಿಲ್ಲ ಕಣಣ್ಣ! ಸುಮ್ನೆ ಸೈಕಲ್ ನಂಗೆ ಕೊಟ್ಟು ಬಿದ್ಕೊ!" ಅಂತ ಎಲ್ಲರೆದುರೇ ಕೂಗಿದೆ.

ಸೋಮಾರಿಗಳು ಹೋ ಎಂದರು. ಅಣ್ಣನ ಮುಖ ಕೆಂಪಾಯಿತು. "ನಾಳೆ ನೋಡಮ್ಮಿ. ನಾನು ಬ್ರೇಕ್ ಇಡುದ್ರೆ ಈ ಸೈಕಲ್ಲು ನಿಂದೇ. ಬೆಟ್ಟದ ಮಾದಪ್ಪನಾಣೆ!" ಅಂದುಬಿಟ್ಟ.

ಆ ರಾತ್ರಿ ನನಗೆ ನಿದ್ದೆ ಸುಖವಾಗಿ ಬಂತು. ಇವನು ಬ್ರೇಕ್ ಹಿಡಿಯದೆ ಇರುತ್ತಾನೆಯೇ?

ಭಾನುವಾರ ಊರಿಗೆ ಊರೇ ಕಾಲುವೆ ಹತ್ತಿರ ನೆರೆಯಿತು. ನಮ್ಮವ್ವ ಮಹಾಲಕ್ಷ್ಮಮ್ಮ ತಟ್ಟೆಯಲ್ಲಿ ವಿಭೂತಿ, ಕುಂಕುಮ, ಕರ್ಪೂರ ಇಟ್ಟುಕೊಂಡು ಬಂದರು. ನಮ್ಮಲ್ಲಿ ಟ್ರ್ಯಾಕ್ಟರ್ ಇರಲಿ, ಹೊಲಿಗೆ ಮಿಷನ್ ಇರಲಿ, ಪೂಜೆ ಮಾಡದೆ ದೊಡ್ಡ ಕೆಲಸಕ್ಕೆ ಇಳಿಸುವುದುಂಟೇ? ಬೆಳಗಿನಿಂದ ಅವ್ವ ಸೈಕಲ್ಲನ್ನು ತೊಳೆದು, ಮಗನ ಗಾಡಿ ಪಳಪಳ ಅನ್ನಲಿ ಎಂದು ಹ್ಯಾಂಡಲ್ಲಿಗೆ, ಬೆಲ್ಲಿಗೆ, ಎರಡೂ ಚಕ್ರದ ರಿಮ್ಮಿಗೆ ಸುತ್ತಲೂ ಕೊಬ್ಬರಿ ಎಣ್ಣೆ ಸವರಿದ್ದರು. ನಿಜಕ್ಕೂ ಕಣ್ಣು ಕುಕ್ಕುವಂತಿತ್ತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ದೃಷ್ಟಿ ತೆಗೆದು, "ಉಸಾರು ಕಂದ" ಎಂದು ಕಣ್ಣೊರೆಸಿಕೊಂಡರು.

ಅಣ್ಣ ಬಂದ. ನಾನು ದಿಬ್ಬದ ತುದಿಯ ಪಕ್ಕದಲ್ಲೇ ನಿಂತಿದ್ದೆ. ಎಂದಿನ ಜಾಗಕ್ಕೆ ಬರುತ್ತಲೇ, ಎಂದಿನ ಹಾಗೆ, ಎರಡೂ ಕೈಯಲ್ಲಿ ಬ್ರೇಕ್ ಹಿಸುಕಿದ. ಗೆಣ್ಣು ಬೆಳ್ಳಗಾಗುವ ಹಾಗೆ ಹಿಸುಕಿದ. ಬ್ರೇಕಿನ ರಬ್ಬರು ಎಣ್ಣೆಯ ಮೇಲೆ ಸುಯ್ಯನೆ ಜಾರಿತು. ಅವನ ಕಣ್ಣು ಹೊರಗೆ ಬಂದವು. "ಅವ್ವಾ..." ಎಂದು ಕಿರುಚಿಕೊಂಡೇ ಹಾರಿಹೋದ. ಆಚೆ ದಡದ ತಿಪ್ಪೆಯಲ್ಲಿ ಚಕ್ರ ಹೂತು, ಸೊಂಟದ ತನಕ ಗೊಬ್ಬರದಲ್ಲಿ ಕೂತ.

ಶಿಳ್ಳೆಯೋ ಶಿಳ್ಳೆ! "ಅವ್ವನ್ನ ನೆನೆಸ್ಕಂಡು ಆರ್ದ ಕಣ್ಲಾ, ಎಂಥಾ ಮಗ!" ಎಂದು ಮುದುಕರು ಗದ್ಗದಿತರಾದರು. ಸೋಮಾರಿಗಳು ಗೊಬ್ಬರದ ಸಮೇತ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ಸೈಕಲ್ಲನ್ನು ತಿಪ್ಪೆಯಿಂದ ಎಳೆದು ಮನೆಗೆ ತಳ್ಳಿಕೊಂಡು ಬಂದವಳು ನಾನು. ದಾರಿಯುದ್ದಕ್ಕೂ ಅತ್ತೆ. ಸ್ಕೂಲಿನಲ್ಲಿ ನನ್ನ ಸೆರಗು ಹಿಡಿದು ಅಆಇಈ ಹೇಳುತ್ತಿದ್ದ ಮಕ್ಕಳು, ತಿಂಗಳಿಗೊಮ್ಮೆ ನನ್ನ ಕೈಗೇ ಬರುತ್ತಿದ್ದ ಸಂಬಳ, ಎಲ್ಲ ಮುಗಿಯಿತು ಅನ್ನಿಸಿತು.

ಮನೆಯ ಹಿಂದೆ ಅಣ್ಣ ಹಂಡೆ ನೀರಲ್ಲಿ ಮೈ ತೊಳೆಯುತ್ತಿದ್ದ. ಚೆಂಬು ಹಿಡಿದ ಕೈಬೆರಳುಗಳ ಮೇಲೆ ಬ್ರೇಕ್ ಹಿಸುಕಿದ ಕೆಂಪು ಗೆರೆ ಇನ್ನೂ ಹಾಗೇ ಇತ್ತು. ಆ ಕೈ ನೋಡಿದ ಕೂಡಲೇ ನನ್ನ ಅಳು ನಿಂತಿತು. ಮಾತು ಏನಾಗಿತ್ತು? ಹಾರದಿದ್ದರೆ ಅಂತಲ್ಲ, ಬ್ರೇಕ್ ಹಿಡಿದರೆ ಅಂತ.

"ಅಣ್ಣ, ಬ್ರೇಕ್ ಇಡುದ್ಯೋ ಇಲ್ವೋ?"

"ಆರ್ಲಿಲ್ವಾ ನಾನು? ಊರೇ ನೋಡ್ತು."

"ಅದಲ್ಲ ಕೇಳಿದ್ದು. ಅವ್ವನ್ನ ಕರೀತೀನಿ. ಅವ್ವನ ತಲೆ ಮ್ಯಾಲೆ ಕೈ ಇಟ್ಟು ಯೋಳು, ಇಡೀಲಿಲ್ಲ ಅಂತ."

ಅಣ್ಣ ಚೆಂಬು ಕೆಳಗಿಟ್ಟ. ಸುಳ್ಳು ಹೇಳುವುದಕ್ಕೆ ಎಂದೂ ಹಿಂದೆಮುಂದೆ ನೋಡದವನು ಅವ್ವನ ತಲೆ ಅಂದಾಗ ಮೆತ್ತಗಾದ. "ತಕಂಡೋಗು. ಊರೋರ್ಗೆ ಮಾತ್ರ ಯೋಳ್ಬ್ಯಾಡ ಕಣಮ್ಮಿ" ಎಂದು ಪಿಸುಗುಟ್ಟಿದ.

ಸೋಮವಾರ ಹೆಡ್‌ಮಿಸ್‌ಗಿಂತ ಮೊದಲು ನಾನು ಸ್ಕೂಲಿನಲ್ಲಿದ್ದೆ. ಅಣ್ಣ ಕಟ್ಟೆಯ ಮೇಲೆ ಕೂತು, "ಆ ಸೈಕಲ್ಲಲ್ಲಿ ಇನ್ನೇನು ಮಾಡೋದೈತೆ ಅಂತ ತಂಗಿಗೆ ದಾನ ಕೊಟ್ಬುಟ್ಟೆ" ಎಂದು ಸಾರಿದನಂತೆ. ಶೂರನ ಜೊತೆಗೆ ದಾನಶೂರನೂ ಆದ. ಹಾಳಾಗಿ ಹೋಗಲಿ ಎಂದು ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ನಾಲ್ಕು ವರ್ಷ, ಆ ಹೆಣಭಾರದ ಸೈಕಲ್ ತುಳಿದುಕೊಂಡು, ಕಬ್ಬಿನ ಲಾರಿಗಳು ಹ್ಯಾಂಡಲ್ ಸವರಿಕೊಂಡು ಹೋಗುವ ಕೊಳ್ಳೇಗಾಲದ ರೋಡಿನಲ್ಲಿ ದಿನಾ ಹೋಗಿಬಂದೆ. ಲಾರಿ ಕಂಡಾಗಲೆಲ್ಲ ಎದೆ ಡವಡವ ಅನ್ನುತ್ತಿತ್ತು, ಆದರೂ ತುಳಿದೆ. ಸಂಜೆ ವಾಪಸು ಬರುವಾಗ ಕಟ್ಟೆಯ ಮೇಲಿನವರು ನನ್ನನ್ನು ನಿಲ್ಲಿಸಿ ಬುದ್ಧಿ ಹೇಳುತ್ತಿದ್ದರು.

"ಮೆಲ್ಲುಕ್ಕೆ ಓಗಮ್ಮಿ. ನಿಮ್ಮಣ್ಣನ ಎದೆ ಎಲ್ರಿಗೂ ಇರಕಿಲ್ಲ."