ಬಾಯಲ್ಲಿದ್ದ ಗುಂಡುಸೂಜಿಗಳು

ನನ್ನ ಬಲಗೈ ಭುಜದ ಮಟ್ಟದಿಂದ ಮೇಲೇಳದೆ ಏಳು ತಿಂಗಳಾಗಿತ್ತು. ಅಣ್ಣನ ಪ್ರಕಾರ ಅದು ಸೋಮಾರಿತನ. ಕೇಳಿ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷ ಅವನ ಹೊಲಿಗೆ ಅಂಗಡಿಯಲ್ಲಿ ಕೋಟಿನ ಬಟ್ಟೆ ಕತ್ತರಿಸಿದವಳು ನಾನು.

"ಮೇಲಿನ ಸರಳಿಗೆ ಒಂದು ಕೋಟು ನೇತುಹಾಕೋಕಾಗಲ್ಲ ನಿನ್ನ ಕೈಲಿ. ಒಂದನೇ ತಾರೀಕಿಂದ ಈ ಮೇಜಿಗೆ ನನ್ನ ಭಾವಮೈದ ಬರ್ತಾನೆ. ನೀನು ಗುಂಡಿ ಹೊಲ್ಕೊಂಡಿರು," ಅಂದ.

ಆ ಭಾವಮೈದನಿಗೆ ಬಟ್ಟೆಯ ಒಳಮೈ ಯಾವುದು, ಹೊರಮೈ ಯಾವುದು ಅಂತಲೂ ತಿಳಿಯದು. ಹೇಳೋಣವೆಂದರೆ ನನ್ನ ತುಟಿಗಳ ನಡುವೆ ಆರು ಗುಂಡುಸೂಜಿ ಇದ್ದವು. ಅದೂ ಅಣ್ಣನದೇ ಕಾನೂನು. ಸೂಜಿ ಚುಚ್ಚಿಡಲು ಮಣಿಕಟ್ಟಿಗೆ ಪುಟ್ಟ ದಿಂಬು ಕಟ್ಟಿಕೊಂಡರೆ ಬಾಯಿ ಖಾಲಿ ಇರುತ್ತದಂತೆ, ಖಾಲಿ ಬಾಯಿ ಗಿರಾಕಿಗಳ ಹತ್ತಿರ ಹರಟುತ್ತದಂತೆ. ನಾನೊಬ್ಬಳು ಪೆದ್ದಿ, ಇಷ್ಟು ವರ್ಷ ಕಚ್ಚಿಕೊಂಡೇ ಇದ್ದೆ.

ಹಿಂದಿನ ಬೀದಿಯಲ್ಲಿ ಮೈ ನೀವಿ ನೋವು ಬಿಡಿಸುವ ಹೆಂಗಸೊಬ್ಬಳಿದ್ದಳು. ಹೋದೆ. ಅವಳು ಭುಜ ಬಿಟ್ಟು ನನ್ನ ದವಡೆಗೆ ಕೈ ಹಾಕಿದಳು.

"ನೋವಿರೋದು ಭುಜದಲ್ಲಿ!" ರೇಗಿದೆ.

"ಗೊತ್ತಮ್ಮ. ಬಾಯಿ ತೆಗಿ."

ಎರಡು ಬೆರಳು ತೂರುವಷ್ಟೂ ತೆರೆಯಲಿಲ್ಲ. ಏನು ಕಚ್ಕೊಂಡಿರ್ತೀಯ ಅಂತ ಕೇಳಿದಳು; ಕೋಟಿನ ಕೆಲಸ, ಬಾಯಲ್ಲಿನ ಗುಂಡುಸೂಜಿ, ಎಲ್ಲಾ ಹೇಳಿದೆ.

"ಚರ್ಮದ ಕೆಳಗೆ ತೆಳ್ಳನೆ ಪೊರೆ ಇರುತ್ತೆ, ಸ್ನಾಯುಗಳನ್ನೆಲ್ಲ ಸುತ್ಕೊಂಡು. ದವಡೆ, ಕುತ್ತಿಗೆ, ಭುಜ, ಎಲ್ಲಾ ಒಂದಕ್ಕೊಂದು ಅಂಟ್ಕೊಂಡೇ ಇರೋದು. ಕೋಟಿನ ಲೈನಿಂಗು ಒಂದು ಕಡೆ ಬಿಗಿ ಹಿಡಿದ್ರೆ ಏನಾಗುತ್ತೆ?"

"ತೋಳು ಎಳೆಯುತ್ತೆ," ಅಂದೆ. ಅಂದಕೂಡಲೇ ನನ್ನ ಮೇಲೆ ನನಗೇ ಸಿಟ್ಟು ಬಂತು. ಊರಿನವರ ಕೋಟುಗಳಲ್ಲಿ ಸರಿಮಾಡಿದ್ದು ನನ್ನ ಮೈಯಲ್ಲಿ ಕಾಣದೆಹೋಯಿತಲ್ಲ!

ಅವಳು ಉಜ್ಜಲಿಲ್ಲ, ಹಿಂಡಲಿಲ್ಲ. ದವಡೆಯ ಗಂಟಿನ ಮೇಲೆ ಬೆರಳೊತ್ತಿ, ಅದು ತಾನಾಗಿ ಸಡಿಲುವವರೆಗೆ ಕಾದಳು. ಆಮೇಲೆ ಕತ್ತಿನ ಪಕ್ಕ, ಕಂಕುಳ ಹಿಂದೆ. ನಾನು ಅತ್ತುಬಿಟ್ಟೆ. ನೋವಿಗಲ್ಲ, ರೋಷಕ್ಕೆ.

"ಇನ್ನು ಸೂಜಿ ಕಚ್ಚಿದ್ರೆ ನನ್ನ ಹತ್ರ ಬರಬೇಡ," ಅಂದಳು. ಚಿಂದಿ ಬಟ್ಟೆಯಲ್ಲಿ ದಿಂಬು ಹೊಲಿದುಕೊಂಡೆ. ಅಣ್ಣ ಮೂತಿ ತಿರುಗಿಸಿದ. ಎರಡನೇ ವಾರಕ್ಕೆ ಕೈ ಕಿವಿ ಮುಟ್ಟಿತು, ನಾಲ್ಕನೇ ವಾರಕ್ಕೆ ತಲೆ ದಾಟಿತು.

ಒಂದನೇ ತಾರೀಕು ಭಾವಮೈದ ನನ್ನ ಮೇಜಿನ ಮುಂದೆ, ನನ್ನ ಕತ್ತರಿ ಹಿಡಿದು ನಿಂತಿದ್ದ. ಸಿದ್ಧವಾಗಿದ್ದ ಕೋಟೊಂದನ್ನು ಎತ್ತಿ ಮೇಲಿನ ಸರಳಿಗೆ ಹಾಕಿದೆ. ಭುಜ ಸ್ವಲ್ಪ ಚುರುಕ್ ಅಂದಿತು, ಅಷ್ಟೇ.

ಅಣ್ಣನ ಮುಖ ಅರಳಿತು. "ಅಯ್ಯೋ, ವಾಸಿಯಾಯ್ತಲ್ಲ! ಮೇಜು ನಿಂದೇ ಬಿಡು. ಆ ದಿಂಬು ಬಿಚ್ಚಿ ಇದನ್ನ ಬಾಯಲ್ಲಿಟ್ಕೋ, ಗಿರಾಕಿ ಕಾಯ್ತಿದ್ದಾರೆ," ಅಂತ ಗುಂಡುಸೂಜಿ ಡಬ್ಬಿ ಚಾಚಿದ.

ಭಾವಮೈದನ ಕೈಯಿಂದ ಕತ್ತರಿ ಕಿತ್ತುಕೊಂಡೆ. ಡಬ್ಬಿಯನ್ನು ಅಣ್ಣನ ಕಡೆಗೇ ತಳ್ಳಿದೆ.

"ನೀನೇ ಇಟ್ಕೋ ಅಣ್ಣ, ಬಾಯಿ ತುಂಬ. ಇವತ್ತು ನಾನು ಮಾತಾಡೋದಿದೆ, ನೀನು ಕೇಳೋದಿದೆ."