ಅರವತ್ತು ಎಡದೋಳು

ಹೊಲಿಗೆ ಅಂಗಡಿಯ ಒಡತಿಯನ್ನು ಕೆಲಸದವರೆಲ್ಲ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಕಟಿಂಗ್ ಮಾಸ್ತರರೂ. ಅಪ್ಪನಿಂದ ಅವಳಿಗೆ ಬಂದದ್ದು ಆರು ಮಿಷನ್ನು, ಒಂದು ಉದ್ದನೆಯ ಮೇಜು, ಗಲ್ಲಾದ ಹಿಂದಿನ ಗೋಡೆಯಲ್ಲಿ ಒಂದು ದಪ್ಪ ಮೊಳೆ. ಯಾರ ಕೈಯಲ್ಲಿ ಬಟ್ಟೆ ಕೆಟ್ಟರೂ ಅದು ವಾರವಿಡೀ ಆ ಮೊಳೆಯಲ್ಲಿ ನೇತಾಡಬೇಕು, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಅವರ ಹೆಸರು. ಗಿರಾಕಿಗಳು ಓದಿ ನಗುತ್ತಿದ್ದರು. "ಮಾನಕ್ಕೆ ಅಂಜೋನ ಕತ್ತರಿ ಸೊಟ್ಟ ಹೋಗಲ್ಲ" ಎಂದು ಅಪ್ಪ ಹೇಳುತ್ತಿದ್ದ. ಅವಳೂ ನಂಬಿದ್ದಳು.

ಆಸ್ಪತ್ರೆಗೆ ಅರವತ್ತು ಕೋಟು ಶನಿವಾರ ಕೊಡಬೇಕಿತ್ತು. ಹಿಂದಿನ ಅಂಗಡಿಯವನು ಮಾತು ತಪ್ಪಿದ್ದಕ್ಕೇ ಕೆಲಸ ಇವಳಿಗೆ ಸಿಕ್ಕಿದ್ದು. ಇವಳೂ ತಪ್ಪಿದರೆ ಮಳೆಗಾಲವಿಡೀ ಮಿಷನ್ನಿಗೆ ಎಣ್ಣೆ ಬಿಟ್ಟುಕೊಂಡು ಕೂರುವುದೇ ಗತಿ.

ಗುರುವಾರ ಬೆಳಿಗ್ಗೆ, ಮಿಷನ್ ತುಳಿಯುವ ವೇಗಕ್ಕೆ 'ರೈಲು' ಎಂದು ಹೆಸರಾದ ಹುಡುಗಿ ಕಾಲು ನಿಲ್ಲಿಸಿದಳು.

"ಅಕ್ಕ, ಈ ತೋಳೂ ಬಲಗೈದು."

"ಎಡಗೈದು ಹುಡುಕೇ."

"ಇಡೀ ಕಟ್ಟು ಬಿಚ್ಚಿ ನೋಡ್ದೆ. ಎಲ್ಲಾ ಬಲಗೈದೇ."

ಆ ಬಟ್ಟೆಗೆ ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು; ಮಂಕು ಮಗ್ಗುಲು ಒಳಗೇ ಇರಬೇಕು. ಪದರಗಳನ್ನು ಹೊಳಪಿಗೆ ಹೊಳಪು ಕೂಡಿಸಿ ಹಾಸಿ ಕತ್ತರಿಸಿದರೆ ಎಡಬಲ ಜೋಡಿಯಾಗಿ ಬರುತ್ತದೆ. ಮಾಸ್ತರರು ಎಲ್ಲವನ್ನೂ ಹೊಳಪು ಮೇಲೆ ಮಾಡಿ ಹಾಸಿಬಿಟ್ಟಿದ್ದರು. ನೂರಿಪ್ಪತ್ತು ತೋಳು, ಅಷ್ಟೂ ಬಲಗೈಗೆ.

"ಆ ಆಸ್ಪತ್ರೇಲಿ ಎಲ್ರಿಗೂ ಎರಡೆರಡು ಬಲಗೈ ಇರಬೇಕು" ಎಂದಳು ಗುಂಡಿ ಅತ್ತೆ. ಗುಂಡಿ ಹಾಕುವುದು ಅವಳ ಕೆಲಸ. ಒಡತಿಯನ್ನು ಎತ್ತಿ ಆಡಿಸಿದವಳಾದ್ದರಿಂದ ಬಾಯಿಗೆ ಬೀಗ ಇರಲಿಲ್ಲ. ಯಾರೂ ನಗಲಿಲ್ಲ.

ಮಾಸ್ತರರು ಮೇಜಿನ ಕೆಳಗಿಂದ ಒಂದು ಗಂಟು ಎಳೆದರು. ಒಳಗೆ ಹತ್ತು ಎಡದೋಳು.

"ಉಳಿಕೆ ಬಟ್ಟೇಲಿ ಕತ್ತರಿಸ್ತಾ ಇದ್ದೆ. ಊಟದ ಹೊತ್ತಲ್ಲಿ."

"ಯಾವಾಗಿಂದ?"

"ಸೋಮವಾರ."

ಒಡತಿಯ ಕಿವಿ ಬಿಸಿಯಾಯಿತು. ಸೋಮವಾರವೇ ಹೇಳಿದ್ದರೆ ಬುಧವಾರಕ್ಕೆ ಬಟ್ಟೆ ಬರುತ್ತಿತ್ತು. ಈಗ ತರಿಸಿದರೆ ಶನಿವಾರ ಸಂಜೆಗೆ.

"ಬಾಯಲ್ಲಿ ಏನಿತ್ತು ಮಾಸ್ತರೇ, ಕಡುಬಾ?"

ಮಾಸ್ತರರು ಟೇಪು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಅವರ ಬದಲಿಗೆ ಅತ್ತೆ ಹೇಳಿದಳು.

"ಹೋದ ವರ್ಷ ಇವರ ಬೀಗರು ಪ್ಯಾಂಟು ಹೊಲಿಸೋಕೆ ಬಂದಿದ್ರಲ್ಲ. ಇವರ ಹೆಸರು ಗೋಡೆ ಮೇಲಿತ್ತು. ಬೀಗರು ಜೋರಾಗಿ ಓದಿದ್ರು. ಬರ್ದಿದ್ದು ಯಾರು? ನೀನೇ ಕಣೇ."

ಬರೆದದ್ದು ಒಡತಿಗೆ ನೆನಪಿತ್ತು. ಅಕ್ಷರ ದುಂಡಗೆ ಬರಲಿ ಎಂದು ಒರೆಸಿ ಎರಡು ಸಲ ಬರೆದಿದ್ದಳು. ಬೀಗರು ಬಂದದ್ದು ಮಾತ್ರ ನೆನಪಿರಲಿಲ್ಲ.

"ಉಳಿಕೇಲಿ ಇನ್ನೆಷ್ಟು ಬರುತ್ತೆ?" ಎಂದಳು.

"ಇನ್ನು ಹತ್ತು. ಕಂಕುಳ ಹತ್ರ ತೇಪೆ ಕೂಡಿಸಬೇಕು."

"ಕೂಡಿಸಿ."

ಬಟ್ಟೆಯವನಿಗೆ ಫೋನು ಮಾಡಿ, ಅವಳು ನೇರ ಆಸ್ಪತ್ರೆಗೆ ಹೋದಳು. ಉಗ್ರಾಣದ ಮೇಲ್ವಿಚಾರಕಿ ಕನ್ನಡಕದ ಮೇಲಿಂದ ನೋಡಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕರೆಂಟು ಹೋದ ಕಥೆ, ಲಾರಿ ಕೆಟ್ಟ ಕಥೆ ಎರಡೂ ನಾಲಿಗೆ ತುದಿಯಲ್ಲಿದ್ದವು. ಯಾವುದನ್ನು ಬಿಡುವುದೆಂದು ನಿಂತಾಗ ಕಣ್ಣು ತಾನಾಗೇ ಬಾಗಿಲ ಕಡೆ ಓಡಿತು. ಒಂದು ನಿಮಿಷಕ್ಕೆ ನನಗೇ ಹೀಗಾದರೆ, ಮಾಸ್ತರರು ಮೂರು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗೆ ತಿರುಗಾಡಿದರಪ್ಪ ಅನ್ನಿಸಿತು.

"ನಮ್ಮಲ್ಲಿ ಕಟಿಂಗ್ ತಪ್ಪಾಗಿದೆ. ಶನಿವಾರ ಇಪ್ಪತ್ತೇ ಆಗೋದು. ಉಳಿದ ನಲವತ್ತು ಬುಧವಾರ."

"ಹಿಂದಿನೋನು ಶನಿವಾರ ಸಂಜೆ ಫೋನ್ ಆಫ್ ಮಾಡ್ದ" ಎಂದಳು ಮೇಲ್ವಿಚಾರಕಿ. "ನೀವು ಗುರುವಾರವೇ ಬಂದ್ರಿ. ಬುಧವಾರ ದಾಟಿದ್ರೆ ಮಾತ್ರ ನಿಮ್ಮ ಮುಖ ನೋಡಲ್ಲ."

ಮರಳಿ ಬಂದವಳೇ ಇಕ್ಕುಳ ಹಿಡಿದು ಸ್ಟೂಲು ಹತ್ತಿದಳು. ಅಪ್ಪನ ಮೊಳೆ ಅಪ್ಪನಷ್ಟೇ ಹಟಮಾರಿ. ಬಂದಾಗ ಅಂಗೈಯಗಲ ಗಾರೆಯನ್ನೂ ಕಿತ್ತುಕೊಂಡು ಬಂತು.

"ಇನ್ನು ಗೋಡೆಗೂ ತೇಪೆ" ಎಂದಳು ಅತ್ತೆ.

"ಇನ್ಮೇಲೆ ಏನು ಕೆಟ್ಟರೂ ಕೆಟ್ಟ ಗಳಿಗೇಲೇ ನನಗೆ ಹೇಳಿ. ಹೆಸರು ಬರೆಯಲ್ಲ." ಒಡತಿ ಮಾಸ್ತರರ ಕಡೆ ತಿರುಗಿದಳು. "ಬೀಗರ ಎದುರು ಹಾಗಾಗಬಾರದಿತ್ತು. ನನ್ನದೇ ತಪ್ಪು."

ಮಾಸ್ತರರು ಉಳಿಕೆ ಬಟ್ಟೆ ಹಾಸತೊಡಗಿದರು. ಒಂದು ದಿನದ ಒಳ್ಳೆ ಮಾತಿಗೆ ಕರಗುವ ಮನುಷ್ಯ ಅವರಲ್ಲ.

ನಲವತ್ತು ಕೋಟು ಬುಧವಾರ ಮಧ್ಯಾಹ್ನ ಹೋದವು. ಮುಂದಿನ ತಿಂಗಳಿಗೆ ಆಸ್ಪತ್ರೆಯ ದಿಂಬಿನ ಚೀಲದ ಕೆಲಸವೂ ಬಂತು. ಆ ಕೆಲಸದ ಎರಡನೇ ದಿನವೇ ಮಾಸ್ತರರು ಗಲ್ಲಾದ ಮುಂದೆ ಬಂದು ನಿಂತರು.

"ಅಕ್ಕ, ಎಂಟು ಚೀಲ ಒಂದಿಂಚು ಗಿಡ್ಡ ಕತ್ತರಿಸಿದೆ."

ಅವಳಿಗೆ ಬೈಗುಳ ಗಂಟಲವರೆಗೆ ಬಂತು. ಬಂದದ್ದನ್ನು ನುಂಗಿದಳು, ಸುಲಭವಾಗಿ ಇಳಿಯಲಿಲ್ಲ.

"ಎಷ್ಟು ಹೊತ್ತಾಯ್ತು?"

"ಈಗ್ಲೇ. ಕತ್ತರಿ ಇನ್ನೂ ಕೈಯಲ್ಲೇ ಇದೆ."

"ಸರಿ, ತನ್ನಿ ಇಲ್ಲಿ. ಇಬ್ಬರೂ ಕೂತು ನೋಡೋಣ."

ಮಾಸ್ತರರು ಸ್ಟೂಲು ಎಳೆದುಕೊಂಡು ಕೂತರು.